ಬಿಟ್ಟ ದಾರ ಬೇರೆ, ಇಳಿದ ಆಳ ಬೇರೆ

ಡೌನ್‌ರಿಗ್ಗರ್ (ಭಾರದ ಗುಂಡಿನಿಂದ ಎರೆಯನ್ನು ಬೇಕಾದ ಆಳಕ್ಕೆ ಇಳಿಸುವ ಯಂತ್ರ) ಇಲ್ಲದ ಸಣ್ಣ ದೋಣಿಯಲ್ಲಿ ಸಾಲ್ಮನ್ ಮೀನಿಗೆ ಟ್ರೋಲಿಂಗ್ ಮಾಡುತ್ತಿರುವವರನ್ನು, ಅಂದರೆ ಓಡುವ ದೋಣಿಯ ಹಿಂದೆ ಎರೆ ಎಳೆಯುತ್ತಿರುವವರನ್ನು, "ಎಷ್ಟು ಆಳದಲ್ಲಿ ಎಳೀತಿದ್ದೀರಿ?" ಅಂತ ಕೇಳಿ ನೋಡಿ. ಥಟ್ಟನೆ ಒಂದು ಅಂಕಿ ಬರುತ್ತದೆ: ನೂರಿಪ್ಪತ್ತು ಅಡಿ. ಅದು ರೀಲಿನ ಮೇಲಿರುವ ಲೈನ್ ಕೌಂಟರ್ ನೋಡಿ ಹೇಳಿದ್ದು. ಆ ಅಂಕಿ ಹೇಳುವುದು ಎಷ್ಟು ದಾರ ಬಿಟ್ಟಿದ್ದೇವೆ ಅನ್ನುವುದನ್ನು. ಎರೆ ಎಲ್ಲಿದೆ ಅನ್ನುವುದನ್ನಲ್ಲ. ನೂರಿಪ್ಪತ್ತು ಅಡಿ ದಾರ ಬಿಟ್ಟರೆ ಎರೆ ತೊಂಬತ್ತು ಅಡಿಯಲ್ಲೂ ಇರಬಹುದು, ಮೂವತ್ತೈದರಲ್ಲೂ ಇರಬಹುದು. ದಾರದ ದಪ್ಪ, ಸೀಸದ ತೂಕ, ದೋಣಿಯ ವೇಗ, ಎರೆಯ ಹಿಂದೆ ಮುಂದೆ ಏನೇನು ಕಟ್ಟಿದ್ದೇವೆ, ಇವೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ಇಡೀ ಬೆಳಗು ಮೀನಿನ ತಲೆಯ ಮೇಲೆ ಐವತ್ತು ಅಡಿ ಎತ್ತರದಲ್ಲಿ ಎರೆ ಎಳೆದುಕೊಂಡು ಓಡಾಡಿ, ಕೊನೆಗೆ "ಇವತ್ತು ಮೀನಿಲ್ಲ" ಎಂದೋ, "ಡೌನ್‌ರಿಗ್ಗರ್ ಇಲ್ಲದೆ ಇದು ಆಗದ ಕೆಲಸ" ಎಂದೋ ಮನೆಗೆ ಹೋಗುವವರನ್ನು ಕಂಡರೆ ಸಂಕಟವಾಗುತ್ತದೆ. ಎರಡೂ ಮಾತು ಸರಿಯಲ್ಲ.

ಡೌನ್‌ರಿಗ್ಗರ್ ಕೊಡುವುದು ಎರಡು ಸೌಕರ್ಯ. ಹತ್ತು ಪೌಂಡಿನ ಆಸುಪಾಸಿನ ಗುಂಡು ಉಕ್ಕಿನ ತಂತಿಯಲ್ಲಿ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ ಆಳ ಖಚಿತ. ಮೀನು ಕಚ್ಚಿದೊಡನೆ ಕ್ಲಿಪ್ಪಿನಿಂದ ದಾರ ಕಳಚಿಕೊಳ್ಳುವುದರಿಂದ ಮೀನಿನ ಜೊತೆ ಸೀಸವನ್ನೂ ಎಳೆಯುವ ಪಾಡಿಲ್ಲ. ಅದಿಲ್ಲದವರು ಸಾಮಾನ್ಯವಾಗಿ ಭಾರವನ್ನು ಮಾತ್ರ ಅನುಕರಿಸಲು ಹೋಗುತ್ತಾರೆ. ಇನ್ನಷ್ಟು ಸೀಸ, ಇನ್ನಷ್ಟು ದಾರ. ಆದರೆ ಅಸಲಿಗೆ ಬೇಕಾದ್ದು ಖಚಿತತೆ. ಮೂವತ್ತು ಅಡಿಯೋ ಎಂಬತ್ತು ಅಡಿಯೋ, ಒಮ್ಮೆ ಮೀನು ಕಚ್ಚಿದ ಆಳಕ್ಕೆ ಎರೆಯನ್ನು ಮತ್ತೆ ಕರಾರುವಾಕ್ಕಾಗಿ ಕಳಿಸಲು ಬರಬೇಕು. ಅದು ಬರುವುದಾದರೆ ಯಂತ್ರ ಇಲ್ಲದಿದ್ದರೂ ನಡೆಯುತ್ತದೆ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇದು ಹಳೆಯ ವಿದ್ಯೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಆಚೆ ಹೋಗುವ ಬಾಡಿಗೆ ದೋಣಿಗಳಲ್ಲಿ ಎರಡು ಮೂರು ಪೌಂಡಿನ ಗುಂಡನ್ನು ಒಂದು ಸಣ್ಣ ಸ್ಪ್ರಿಂಗ್ ಕೊಂಡಿಗೆ ಸಿಕ್ಕಿಸಿ ಎಳೆಯುತ್ತಿದ್ದರು. ಮೀನು ಕಚ್ಚಿದರೆ ಗುಂಡು ಕಳಚಿ ಸಮುದ್ರದ ಪಾಲಾಗುತ್ತಿತ್ತು. ಮಿಶಿಗನ್ ಸರೋವರಕ್ಕೆ 1966ರಲ್ಲಿ ಕೋಹೊ ಮರಿಗಳನ್ನೂ 1967ರಲ್ಲಿ ಚಿನೂಕ್ ಮರಿಗಳನ್ನೂ (ಎರಡೂ ಸಾಲ್ಮನ್ ಜಾತಿಗಳೇ) ಬಿಟ್ಟಾಗ ಅಲ್ಲಿನ ಹೆಚ್ಚಿನವರ ಕೈಯಲ್ಲಿ ಇದ್ದದ್ದು ಸಾದಾ ರಾಡು, ಸಾದಾ ರೀಲು. ಆಳದ ಲೆಕ್ಕವನ್ನು ಅವರು ನೀರಿನ ಮೇಲೇ ಕಲಿಯಬೇಕಾಯಿತು.

ಎಷ್ಟು ಕೆಳಗೆ ಬೇಕು

ಚಿನೂಕ್ ತಣ್ಣೀರಿನ ಮೀನು. ಸುಮಾರು 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್ ನೀರು ಅದಕ್ಕೆ ಹಿತ. ಬೇಸಿಗೆಯಲ್ಲಿ ಗ್ರೇಟ್ ಲೇಕ್ಸ್‌ನ (ಮಿಶಿಗನ್ ಸೇರಿದಂತೆ ಅಲ್ಲಿನ ಮಹಾಸರೋವರಗಳ) ಮೇಲ್ನೀರು ಬೆಚ್ಚಗಾಗಿ, ಅದರ ಕೆಳಗೆ ಕೆಲವೇ ಅಡಿಗಳಲ್ಲಿ ಉಷ್ಣತೆ ಧಡಕ್ಕನೆ ಬೀಳುವ ಪದರವೊಂದು ನಿಲ್ಲುತ್ತದೆ. ಎರೆಮೀನು, ಅಂದರೆ ಸಾಲ್ಮನ್ ತಿನ್ನುವ ಸಣ್ಣ ಮೀನು, ಆ ಪದರದ ಸುತ್ತ ಸೇರುತ್ತದೆ, ಸಾಲ್ಮನ್ ಅದರ ಹಿಂದೆ. ಫಿಶ್ ಫೈಂಡರಿನ (ನೀರೊಳಗಿರುವುದನ್ನು ಪರದೆಯ ಮೇಲೆ ತೋರಿಸುವ ಸೋನಾರ್) ಸೂಕ್ಷ್ಮತೆಯನ್ನು ಸ್ವಲ್ಪ ಏರಿಸಿದರೆ ಈ ಪದರ ಪರದೆಯ ಮೇಲೆ ಅಡ್ಡಡ್ಡ ಮಸುಕು ಪಟ್ಟಿಯಾಗಿ ಕಾಣುತ್ತದೆ. ಗಾಳಿ ದಡದಿಂದ ಸರೋವರದ ಕಡೆ ಎರಡು ದಿನ ಬಿಡದೆ ಬೀಸಿದರೆ ಬೆಚ್ಚನೆಯ ನೀರು ಆಚೆ ತಳ್ಳಿಹೋಗಿ, ತಣ್ಣನೆಯ ನೀರು ದಡದ ಹತ್ತಿರವೇ ಮೇಲೆ ಬರುತ್ತದೆ. ಡೌನ್‌ರಿಗ್ಗರ್ ಇಲ್ಲದವರು ಕಾಯಬೇಕಾದ ದಿನಗಳೆಂದರೆ ಇವೇ: ಎಂಬತ್ತು ಅಡಿಯಲ್ಲಿದ್ದ ಮೀನು ಮೂವತ್ತಕ್ಕೆ ಬಂದಿರುತ್ತದೆ. (ಮೇಲೆಳೆದ ಸೀಸದ ಗುಂಡನ್ನು ಮುಟ್ಟಿ ಕೆಳಗಿನ ನೀರಿನ ತಂಪು ಹೇಳುತ್ತೇವೆ ಅನ್ನುವವರನ್ನು ನಂಬಬೇಡಿ. ಒಂದು ಪೌಂಡಿನ ಸೀಸ ಮೇಲ್ನೀರಿನ ಬಿಸಿಗೆ ಬರಲು ಕೆಲವು ಸೆಕೆಂಡು ಸಾಕು.)

ಪೆಸಿಫಿಕ್ ಕಡಲಿನ ಕಾಲುವೆಗಳಲ್ಲಿ ಉಷ್ಣತೆಗಿಂತ ಬೆಳಕು, ಎರೆಮೀನು ಮತ್ತು ನೆಲದ ಲೆಕ್ಕ ದೊಡ್ಡದು. ಬೆಳಕು ಹರಿಯುವಾಗ ಮೇಲಿರುವ ಚಿನೂಕ್ ಬಿಸಿಲೇರಿದಂತೆ ಇಳಿಯುತ್ತದೆ, ಎಷ್ಟೋ ಸಲ ನೆಲಕ್ಕೇ ಅಂಟಿಕೊಳ್ಳುತ್ತದೆ. ಹಾಗಾಗಿ ಮೊದಲ ಒಂದೆರಡು ಗಂಟೆಯನ್ನು ಕಳೆದುಕೊಂಡು ಮಧ್ಯಾಹ್ನ ನೂರೈವತ್ತು ಅಡಿಗೆ ಎರೆ ಇಳಿಸುವ ಸಾಹಸ ಬೇಡ. ಈ ಬರಹದಲ್ಲಿ ಹೇಳುವ ವಿಧಾನಗಳೆಲ್ಲ ಸುಮಾರು ನೂರು ಅಡಿಯವರೆಗೆ ಚೆನ್ನಾಗಿ ನಡೆಯುತ್ತವೆ. ಅದರಾಚೆ ಶ್ರಮ ಹೆಚ್ಚು, ಖಚಿತತೆ ಕಡಿಮೆ. ಇನ್ನೊಂದು ಮಾತು: ಸಾಲ್ಮನ್ ಮೇಲೆ ನೋಡಿ ಏರಿ ಬಂದು ಹಿಡಿಯುವ ಮೀನು. ಆಳದಲ್ಲಿ ಅನುಮಾನವಿದ್ದರೆ ಮೀನಿಗಿಂತ ಹತ್ತು ಅಡಿ ಮೇಲೆ ತಪ್ಪಿ, ಕೆಳಗೆ ತಪ್ಪಬೇಡಿ.

ನೀರು ಎಳೆಯುವುದು ಸೀಸವನ್ನಲ್ಲ, ದಾರವನ್ನು

ದಾರ ತೆಳ್ಳಗಿರುವುದರಿಂದ ಅದು ಲೆಕ್ಕಕ್ಕಿಲ್ಲ ಅಂತ ಅನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಚಿತ್ರ. 20 ಪೌಂಡಿನ, ಅಂದರೆ ಅಷ್ಟು ಭಾರ ತಡೆಯುವ, ಮೊನೊ (ಒಂದೇ ನೈಲಾನ್ ಎಳೆಯ) ದಾರ ಸುಮಾರು 0.46 ಮಿಲಿಮೀಟರ್ ದಪ್ಪ. ಅದನ್ನು 200 ಅಡಿ, ಅಂದರೆ 61 ಮೀಟರ್ ಬಿಟ್ಟರೆ ಒಟ್ಟು ಮೈ ಸುಮಾರು 280 ಚದರ ಸೆಂಟಿಮೀಟರ್. ಪುಸ್ತಕದ ಒಂದು ಪುಟದಷ್ಟು ಅಗಲದ ಹಲಗೆಯನ್ನು ನೀರಿನಲ್ಲಿ ಓರೆಯಾಗಿ ಎಳೆದುಕೊಂಡು ಹೋದ ಹಾಗೆ. ಒಂದು ಪೌಂಡಿನ ಸೀಸದ ಗುಂಡಿನ ಎದುರುಮೈ ಬರೀ 14 ಚದರ ಸೆಂಟಿಮೀಟರ್. ಈಗ ಯಾರು ಯಾರನ್ನು ಮೇಲೆತ್ತುತ್ತಿದ್ದಾರೆ ಅನ್ನುವುದು ಸ್ಪಷ್ಟ. ಅದಕ್ಕಿಂತ ಹೆಚ್ಚು ಶಕ್ತಿಯ, 30 ಪೌಂಡಿನ ಬ್ರೇಡ್ (ಹಲವು ಎಳೆ ಹೆಣೆದ) ದಾರ ಸುಮಾರು 0.28 ಮಿಲಿಮೀಟರ್. ಅದರ ಮೈ 170 ಚದರ ಸೆಂಟಿಮೀಟರ್. ಇನ್ನೊಂದು ಗುಂಡು ಕೊಳ್ಳುವ ಮೊದಲು ದಾರ ಬದಲಿಸಿ ಅಂತ ನಾನು ಹೇಳುವುದು ಇದಕ್ಕೇ.

ವೇಗದ ಏಟು ಇನ್ನೂ ಜೋರು. ನೀರಿನ ಎಳೆತ ವೇಗದ ವರ್ಗದಷ್ಟು ಏರುತ್ತದೆ. ಗಂಟೆಗೆ 2 ಮೈಲಿಯಿಂದ 2.5ಕ್ಕೆ ಹೋದರೆ ಎಳೆತ ಒಂದೂವರೆ ಪಟ್ಟು, 2.8ಕ್ಕೆ ಹೋದರೆ ಹೆಚ್ಚುಕಡಿಮೆ ಎರಡು ಪಟ್ಟು. ಅಕ್ಸಲರೇಟರಿನ ಮೇಲೆ ಕಿರುಬೆರಳಿನಷ್ಟು ವ್ಯತ್ಯಾಸ, ಕೆಳಗೆ ಇಪ್ಪತ್ತು ಅಡಿಯ ವ್ಯತ್ಯಾಸ. ಅದರಲ್ಲೂ ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ, ಎರೆಗೆ ತಟ್ಟುವುದು ನೀರಿನಲ್ಲಿನ ವೇಗ. ಸೆಳವು ಗಂಟೆಗೆ ಒಂದೂವರೆ ಮೈಲಿ ಇದ್ದು, ದೋಣಿ ನೀರಿನಲ್ಲಿ 2 ಮೈಲಿ ಓಡುತ್ತಿದ್ದರೆ, ಸೆಳವಿನ ಜೊತೆ ಹೋಗುವಾಗ ಜಿಪಿಎಸ್ 3.5 ಅನ್ನುತ್ತದೆ, ಎದುರು ಹೋಗುವಾಗ 0.5 ಅನ್ನುತ್ತದೆ. ಎರಡೂ ಹೊತ್ತಿನಲ್ಲಿ ಎರೆ ಒಂದೇ ಥರ ಓಡುತ್ತಿರುತ್ತದೆ. ಪರದೆಯ ಅಂಕಿ ನೋಡಿ ವೇಗ "ಸರಿಪಡಿಸಿದವರು" ಆಳವನ್ನು ಕೆಡಿಸಿಕೊಳ್ಳುತ್ತಾರೆ.

ಹಾಗಾದರೆ ನೋಡಬೇಕಾದ್ದು ಏನನ್ನು? ದಾರ ನೀರಿಗಿಳಿಯುವ ಓರೆಯನ್ನು. ರಾಡಿನ ತುದಿ ನೀರಿಗಿಂತ 4 ಅಡಿ ಎತ್ತರದಲ್ಲಿದೆ ಅಂದುಕೊಳ್ಳಿ. ತುದಿಯ ನೇರ ಕೆಳಗಿನ ಬಿಂದುವಿನಿಂದ 4 ಅಡಿ ಹಿಂದೆ ದಾರ ನೀರಿಗೆ ಹೊಕ್ಕರೆ ಓರೆ 45 ಡಿಗ್ರಿ. ಬಿಟ್ಟ ದಾರದ ನೂರಕ್ಕೆ ಎಪ್ಪತ್ತು ಪಾಲು ಆಳ. 7 ಅಡಿ ಹಿಂದೆ ಹೊಕ್ಕರೆ ಓರೆ 30 ಡಿಗ್ರಿ, ಆಳ ಅರ್ಧ. 11 ಅಡಿ ಹಿಂದೆ ಹೊಕ್ಕರೆ 20 ಡಿಗ್ರಿ. ಆಳ ಮೂರನೇ ಒಂದು ಪಾಲು. 150 ಅಡಿ ದಾರಕ್ಕೆ ಇದೇ ಲೆಕ್ಕದಲ್ಲಿ 105, 75, 50 ಅಡಿ. ಗುಂಡು ಕಟ್ಟಿದ ದಾರ ನೀರೊಳಗೆ ನೇರವಾಗಿರುವುದಿಲ್ಲ, ಬಿಲ್ಲಿನ ಹಾಗೆ ಬಾಗಿರುತ್ತದೆ: ಗುಂಡಿನ ಹತ್ತಿರ ಕಡಿದು, ಮೇಲಕ್ಕೆ ಬಂದಂತೆ ಮಲಗುತ್ತಾ ಹೋಗುತ್ತದೆ. ಅಂದರೆ ಮೇಲೆ ಕಾಣುವ ಓರೆಯೇ ಇಡೀ ದಾರದಲ್ಲಿ ಅತಿ ಮಲಗಿದ ಭಾಗ. ಆದ್ದರಿಂದ ಈ ಲೆಕ್ಕ ಕೊಡುವುದು ಕನಿಷ್ಠ ಆಳ; ಎರೆ ಅದಕ್ಕಿಂತ ಕೆಳಗೇ ಇರುತ್ತದೆ. ನನ್ನ ಮಟ್ಟಿಗೆ ದೋಣಿಯಲ್ಲಿರುವ ಅತಿ ನಂಬಿಕಸ್ಥ ವೇಗಮಾಪಕವೂ ಈ ಓರೆಯೇ. ಮೀನು ಕಚ್ಚಿದಾಗ ದಾರ ಎಲ್ಲಿ ನೀರಿಗೆ ಹೊಗುತ್ತಿತ್ತು ಅನ್ನುವುದನ್ನು ನೆನಪಿಟ್ಟು, ಸೆಳವಿನ ಜೊತೆ ಹೋದರೂ ಎದುರು ಹೋದರೂ ಆ ಜಾಗಕ್ಕೇ ಬರುವಂತೆ ಮೋಟಾರು ಹೊಂದಿಸಿದರೆ ಎರೆಯೂ ಅದೇ ಆಳಕ್ಕೆ ಬರುತ್ತದೆ.

ಗುಂಡು ಕಟ್ಟುವುದು

ಅತಿ ಸರಳ ವಿಧಾನ ಇದು. ಮೂರು ಕಣ್ಣಿನ ಸ್ವಿವೆಲ್ (ತಿರುಗುವ ಕೊಂಡಿ) ಒಂದು. ಒಂದು ಕಣ್ಣಿಗೆ ಮುಖ್ಯ ದಾರ, ಇನ್ನೊಂದಕ್ಕೆ 5ರಿಂದ 6 ಅಡಿ ಲೀಡರ್ (ಎರೆ ಕಟ್ಟುವ ತುದಿದಾರ) ಮತ್ತು ಎರೆ, ಮೂರನೆಯದಕ್ಕೆ ಒಂದೂವರೆಯಿಂದ ಮೂರು ಅಡಿಯ ತುಂಡು ದಾರದಲ್ಲಿ ಸೀಸದ ಗುಂಡು. ಈ ತುಂಡು ದಾರ ಬೇಕೆಂದೇ ದುರ್ಬಲವಾಗಿರಲಿ, 10 ಅಥವಾ 12 ಪೌಂಡಿನದು. ಗುಂಡು ಬಂಡೆಗೆ ಸಿಕ್ಕಿಕೊಂಡರೆ ಅದು ಹರಿದು ಗುಂಡು ಮಾತ್ರ ಹೋಗುತ್ತದೆ; ಲೀಡರ್, ಎರೆ, ಕೆಲವೊಮ್ಮೆ ರಾಡೂ ಉಳಿಯುತ್ತದೆ. ಮೂವತ್ತು ನಲವತ್ತು ಅಡಿಗೆ 6ರಿಂದ 8 ಔನ್ಸ್ ಸಾಕು. ಅರವತ್ತರಿಂದ ತೊಂಬತ್ತು ಅಡಿಗೆ ಬ್ರೇಡ್ ದಾರದಲ್ಲಿ 12ರಿಂದ 16 ಔನ್ಸ್, ವೇಗ 2 ಮೈಲಿ ದಾಟದಂತೆ.

ಇಳಿಸುವುದರಲ್ಲೇ ಅರ್ಧ ಜನ ಸೋಲುತ್ತಾರೆ. ಸ್ಪೂಲ್ (ರೀಲಿನ ದಾರ ಸುತ್ತಿದ ಉರುಳೆ) ಬಿಟ್ಟುಬಿಟ್ಟರೆ ಗುಂಡು ಸರ್ರನೆ ಇಳಿಯುತ್ತದೆ, ಹಗುರವಾದ ಎರೆ ಹಿಂದುಳಿದು ಮೇಲೆ ತೇಲಿ ಮುಖ್ಯ ದಾರಕ್ಕೆ ಸುತ್ತಿಕೊಳ್ಳುತ್ತದೆ. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಒಂದು ಗಂಟೆ ಕಳೆದು ಎಳೆದಾಗ ಜಡೆಗಂಟು ಕೈಗೆ ಬರುತ್ತದೆ. ದೋಣಿ ನೇರ ಸಾಗುತ್ತಿರಬೇಕು. ಮೊದಲು ಎರೆಯನ್ನು ದೋಣಿಯ ಪಕ್ಕದಲ್ಲೇ ನೀರಿಗಿಟ್ಟು ಅದು ಸರಿಯಾಗಿ ಓಡುತ್ತಿದೆಯೇ ನೋಡಿ. ಲೀಡರ್ ಪೂರ್ತಿ ಹಿಂದಕ್ಕೆ ಚಾಚಿಕೊಂಡ ಮೇಲೆ ಗುಂಡನ್ನು ನೀರಿಗಿಳಿಸಿ. ಹೆಬ್ಬೆರಳು ಸ್ಪೂಲಿನ ಮೇಲೇ ಇರಲಿ. ಇಪ್ಪತ್ತು ಅಡಿ ಬಿಟ್ಟು ನಿಲ್ಲಿಸಿ, ಎರೆ ಹಿಂದಕ್ಕೆ ತೂಗಿ ನೇರವಾಗಲು ಮೂರ್ನಾಲ್ಕು ಸೆಕೆಂಡು ಕೊಟ್ಟು, ಮತ್ತೆ ಇಪ್ಪತ್ತು. ನೂರು ಅಡಿ ಬಿಡಲು ಒಂದು ನಿಮಿಷ ಹಿಡಿದರೂ ಆ ನಿಮಿಷ ದಂಡವಲ್ಲ.

ಕೌಂಟರ್ ಇಲ್ಲದ ರೀಲಾದರೆ ಎಳೆತ ಎಣಿಸಿ: ರೀಲಿನಿಂದ ರಾಡಿನ ಮೊದಲ ಕಣ್ಣಿನವರೆಗೆ ಕೈಯಿಂದ ಎಳೆದರೆ ಸುಮಾರು ಎರಡು ಅಡಿ. ನಿಮ್ಮ ರಾಡಿನಲ್ಲಿ ಅದೆಷ್ಟು ಅಂತ ಟೇಪಿನಿಂದ ಅಳೆದುಕೊಂಡರೆ ಆಯಿತು. ಇನ್ನೂ ಒಳ್ಳೆಯದೆಂದರೆ ದಾರವನ್ನು ನೆಲದ ಮೇಲೆ ಹಾಸಿ ಪ್ರತಿ ಮೂವತ್ತು ಅಡಿಗೆ, ಅಂದರೆ ಐದು ಮಾರಿಗೊಮ್ಮೆ, ಬಣ್ಣದ ದಾರದಿಂದ ಸಣ್ಣ ಗಂಟು ಸುತ್ತುವುದು. ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಲೈನ್ ಕೌಂಟರ್ ಕೂಡ ಸ್ಪೂಲ್ ಪೂರ್ತಿ ತುಂಬಿದ್ದಾಗ ಮಾತ್ರ ನಿಜ ಹೇಳುತ್ತದೆ. ಹರಿದು ಹರಿದು ದಾರ ಕಡಿಮೆಯಾದ ಸ್ಪೂಲಿನಲ್ಲಿ ಒಂದು ಸುತ್ತಿಗೆ ಕಡಿಮೆ ದಾರ ಹೋಗುವುದರಿಂದ ಕೌಂಟರ್ ಹೆಚ್ಚು ತೋರಿಸುತ್ತದೆ.

ಈ ವಿಧಾನದ ದೊಡ್ಡ ವೈರಿ ಫ್ಲಾಶರ್. ಮೀನನ್ನು ಸೆಳೆಯಲು ಎರೆಯ ಮುಂದೆ ಕಟ್ಟುವ 11 ಇಂಚಿನ ತಿರುಗುವ ಹೊಳೆಯುವ ಪಟ್ಟಿ ಅದು. ಆ ಫ್ಲಾಶರ್ ಮತ್ತು ಹೂಚಿ (ಸ್ಕ್ವಿಡ್ ಆಕಾರದ ಪ್ಲಾಸ್ಟಿಕ್ ಎರೆ) ಡೌನ್‌ರಿಗ್ಗರಿನ ಹಿಂದೆ ಎಷ್ಟು ಚೆಂದವೋ ಒಂದು ಪೌಂಡಿನ ಗುಂಡಿನ ಹಿಂದೆ ಅಷ್ಟೇ ಕಷ್ಟ. ಅದರ ಎಳೆತ ಸೀಸದ ತೂಕವನ್ನೇ ಮೀರುತ್ತದೆ, ಇಡೀ ಸರಂಜಾಮು ಮೇಲೇಳುತ್ತದೆ. ಸಣ್ಣ ಸ್ಪೂನ್ (ಚಮಚದಾಕಾರದ ಲೋಹದ ಎರೆ), ಇಲ್ಲವೇ ತಲೆ ಓರೆಯಾಗಿ ಕೊಯ್ದ ಹೆರಿಂಗ್ ಮೀನು, ಇವೆರಡೇ ಇಲ್ಲಿ ಸರಿ. ಹೆರಿಂಗ್ ಉರುಳಬೇಕು, ಬಿಗಿಯಾದ ಸುರುಳಿಯಲ್ಲಿ. ಅದು ಸುಮ್ಮನೆ ನೇರ ಎಳೆದುಕೊಂಡು ಬರುತ್ತಿದ್ದರೆ ಕೊಕ್ಕೆಯ ಜಾಗ ತಪ್ಪಿದೆ ಅಥವಾ ಕೊಯ್ತದ ಓರೆ ಸಾಲದು.

ಕಚ್ಚಿದೊಡನೆ ಗುಂಡು ಕಳಚಿ ಬೀಳುವ ಹಳೆಯ ಕೊಂಡಿಯ ಬಗ್ಗೆ ನನ್ನ ನಿಲುವು ಸ್ಪಷ್ಟ: ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಒಂದೊಂದು ಮೀನಿಗೆ ಒಂದೊಂದು ಪೌಂಡು ಸೀಸವನ್ನು ನೀರಿನ ತಳಕ್ಕೆ ಸುರಿಯುವುದು ಸರಿಯಲ್ಲ. ಮೀನನ್ನು ಪ್ರೀತಿಸುವವರು ಅದರ ಮನೆಗೆ ವಿಷ ಹಾಕಬಾರದು.

ಡೈವರ್: ನೀರಿನ ಬಲವನ್ನೇ ಬಳಸುವ ತಟ್ಟೆ

ಸೀಸ ಭೂಮಿಯ ಸೆಳೆತದಿಂದ ಇಳಿಯುತ್ತದೆ, ಡೈವರ್ ನೀರಿನ ತಳ್ಳುವಿಕೆಯಿಂದ ಇಳಿಯುತ್ತದೆ. ಓರೆಯಾಗಿ ನಿಂತ ತಟ್ಟೆಗೆ ನೀರು ಬಡಿದು ಅದನ್ನು ಕೆಳಕ್ಕೆ ಒತ್ತುತ್ತದೆ. ವೇಗ ಏರಿದರೆ ದಾರದ ಎಳೆತ ಏರುವಷ್ಟೇ ಈ ಒತ್ತುವಿಕೆಯೂ ಏರುತ್ತದೆ. ಆದ್ದರಿಂದ ವೇಗ ಸ್ವಲ್ಪ ಹೆಚ್ಚುಕಡಿಮೆಯಾದರೂ ಡೈವರ್ ತನ್ನ ಆಳ ಬಿಡುವುದಿಲ್ಲ. ಗುಂಡಿಗೆ ಈ ಗುಣವಿಲ್ಲ. ಅಲೆ ಎದ್ದ ದಿನ, ಸೆಳವು ಬದಲಾಗುತ್ತಲೇ ಇರುವ ಜಾಗ, ಇವಕ್ಕೆ ಡೈವರೇ ಸರಿ.

ಡೀಪ್ ಸಿಕ್ಸ್, ಪಿಂಕ್ ಲೇಡಿ ಥರದವು ನೇರ ಕೆಳಗೆ ಹೋಗುತ್ತವೆ. ಡಿಪ್ಸಿ ಡೈವರಿನ ಅಡಿಯಲ್ಲಿರುವ ಭಾರದ ಬಿಲ್ಲೆಯನ್ನು ತಿರುಗಿಸಿದರೆ ಅದು ಪಕ್ಕಕ್ಕೂ ಸರಿಯುತ್ತದೆ. ಸೊನ್ನೆಯಲ್ಲಿಟ್ಟರೆ ನೇರ, ಬಿಟ್ಟ ದಾರದ ಸುಮಾರು ಅರ್ಧದಷ್ಟು ಆಳ. ಮೂರರಲ್ಲಿಟ್ಟರೆ ದೋಣಿಯಿಂದ ದೂರ ಸರಿದು ಸುಮಾರು ಮೂರನೇ ಒಂದು ಪಾಲು. ಸುತ್ತ ಹಾಕುವ ಪ್ಲಾಸ್ಟಿಕ್ ಬಳೆ ಆಳವನ್ನೂ ಎಳೆತವನ್ನೂ ಹೆಚ್ಚಿಸುತ್ತದೆ. ಇವು ಆರಂಭದ ಅಂದಾಜು. ತೆಳು ದಾರವಾದರೆ ಇನ್ನೂ ಇಳಿಯುತ್ತದೆ. ಒಂದು ಬದಿಗೆ ಎರಡು ಡೈವರ್ ಹಾಕುವುದಾದರೆ ಮೂರರಲ್ಲಿಟ್ಟದ್ದು ದೋಣಿಯ ಮುಂದಿನ ಹೋಲ್ಡರಿಗೆ, ಒಂದರಲ್ಲಿಟ್ಟದ್ದು ಹಿಂದಿನದಕ್ಕೆ. ಅದಲುಬದಲಾದರೆ ತಿರುವಿನಲ್ಲಿ ಎರಡೂ ಒಂದಾಗುತ್ತವೆ.

ಡೈವರಿನ ಎಳೆತ ದೊಡ್ಡದು. 9ರಿಂದ 10 ಅಡಿಯ ಗಟ್ಟಿ ರಾಡ್, ಗಟ್ಟಿಯಾಗಿ ಬೋಲ್ಟ್ ಮಾಡಿದ ಹೋಲ್ಡರ್ ಬೇಕೇ ಬೇಕು. ಹಿಡಿಕೆಯನ್ನು ಕ್ಲಾಂಪಿನಿಂದ ಸಿಕ್ಕಿಸಿದ ಅಗ್ಗದ ಹೋಲ್ಡರ್ ಮೊದಲ ದೊಡ್ಡ ಮೀನಿಗೇ ರಾಡಿನ ಜೊತೆ ನೀರು ಸೇರುತ್ತದೆ. ಲೀಡರ್ 5ರಿಂದ 8 ಅಡಿ. ಡೈವರ್ ರಾಡಿನ ತುದಿಗೆ ಬಂದು ನಿಂತ ಮೇಲೆ ಉಳಿದ ಲೀಡರನ್ನು ಸುತ್ತಲಾಗದು, ರಾಡಿಗಿಂತ ಉದ್ದವಿದ್ದರೆ ಮೀನು ಬಲೆಗೆ ಎಟುಕುವುದಿಲ್ಲ. ಬ್ರೇಡ್ ದಾರ ಹಿಗ್ಗುವುದಿಲ್ಲವಾದ್ದರಿಂದ ಡೈವರ್ ಮತ್ತು ಲೀಡರ್ ನಡುವೆ ಒಂದು ರಬ್ಬರ್ ಸ್ನಬ್ಬರ್ (ಹಿಗ್ಗಿ ಏಟು ತಾಳುವ ತುಂಡು) ಹಾಕಿ. ವೇಗವಾಗಿ ಬಂದು ಬಡಿಯುವ ಕೋಹೊದ ಬಾಯಿ ಹರಿಯದಂತೆ ಅದು ಕಾಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಕಳಚುವ ಕೊಂಡಿಯ ಸ್ಕ್ರೂ. ಮೀನು ಕಚ್ಚಿದಾಗ ಆ ಕೊಂಡಿ ಬಿಟ್ಟುಕೊಂಡು ತಟ್ಟೆ ನೀರಿಗೆ ಮಲಗಬೇಕು. ಆಗ ರಾಡಿನಲ್ಲಿ ಕಾಣುವುದು ಇಷ್ಟು: ಅಷ್ಟು ಹೊತ್ತೂ ಬಿಲ್ಲಿನಂತೆ ಬಾಗಿ ನಡುಗುತ್ತಿದ್ದ ತುದಿ ಒಮ್ಮೆ ಕೆಳಕ್ಕೆ ಜಗ್ಗುತ್ತದೆ, ಮರುಕ್ಷಣ ಭಾರ ಕಳೆದು ಮೇಲೇಳುತ್ತದೆ, ಆಮೇಲೆ ಮೀನಿನ ತಲೆ ಕೊಡವುವಿಕೆ ಬಡಿಬಡಿಯಾಗಿ ಕೈಗೆ ಬರುತ್ತದೆ. ಜಗ್ಗುವಿಕೆಯೇ ಇಲ್ಲದೆ ತುದಿ ಮೇಲೆದ್ದು ಸುಮ್ಮನೆ ನಿಂತರೆ ಸ್ಕ್ರೂ ಸಡಿಲ, ಅಲೆಯ ಏಟಿಗೇ ಕಳಚಿದೆ. ಬರೀ ಕೊಡವುವಿಕೆ ಕಂಡು ಬಾಗು ಹಾಗೇ ಉಳಿದರೆ ಸ್ಕ್ರೂ ಬಿಗಿ, ಸಣ್ಣ ಮೀನೊಂದು ಡೈವರಿನ ಹಿಂದೆ ತೂಗಾಡುತ್ತಿದೆ. ದಾರ ಬಿಡುವ ಮೊದಲು ದೋಣಿಯ ಪಕ್ಕದಲ್ಲಿ ಡೈವರ್ ಓಡಿಸಿ, ಎಳೆತವನ್ನು ತಾಳಿಕೊಳ್ಳುವಷ್ಟು ಮಾತ್ರ ಬಿಗಿ ಮಾಡಿ, ಅದಕ್ಕಿಂತ ಕಾಲು ಸುತ್ತು ಹೆಚ್ಚು. ಸುಮ್ಮನೆ ಮೇಲೆಳೆಯಬೇಕಾದಾಗ ರಾಡನ್ನು ನೀರಿನ ಕಡೆ ಬಾಗಿಸಿ, ಹೆಬ್ಬೆರಳಲ್ಲಿ ಸ್ಪೂಲ್ ಒತ್ತಿ, ಒಮ್ಮೆ ಝಟ್ಟನೆ ಎತ್ತಿದರೆ ಕೊಂಡಿ ಬಿಡುತ್ತದೆ. ಮೊನೊ ದಾರದಲ್ಲಿ ಇನ್ನೂರು ಅಡಿಯಾಚೆ ಈ ಝಟಕ ತಲುಪುವುದೇ ಇಲ್ಲ, ದಾರವೇ ಹಿಗ್ಗಿ ನುಂಗುತ್ತದೆ.

ತೆಳು ಬ್ರೇಡ್ ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನೂ ಹೇಳಬೇಕು. ಗ್ರೇಟ್ ಲೇಕ್ಸ್‌ನಲ್ಲಿ, ಮುಖ್ಯವಾಗಿ ಬೇಸಿಗೆಯ ನಡುವಿಂದ, ಹೊರಗಿನಿಂದ ಬಂದು ಸೇರಿಕೊಂಡ ಮುಳ್ಳುಬಾಲದ ನೀರುಚಿಗಟಗಳೆಂಬ ಪುಟ್ಟ ಜೀವಿಗಳು ದಾರಕ್ಕೆ ಹತ್ತಿಯ ಉಂಡೆಯಂತೆ ಮೆತ್ತಿಕೊಳ್ಳುತ್ತವೆ. ರಾಡಿನ ತುದಿಯ ಕಣ್ಣಿಗೆ ಬಂದು ಸಿಕ್ಕಿ, ಮೀನು ಕಚ್ಚಿರುವಾಗಲೇ ದಾರ ಸುತ್ತಲಾಗದೆ ನಿಲ್ಲುತ್ತದೆ. ತೆಳು ದಾರಕ್ಕೆ ಅವು ಹೆಚ್ಚು ಅಂಟುತ್ತವೆ. ಆ ದಿನಗಳಲ್ಲಿ 30 ಪೌಂಡಿನ ದಪ್ಪ ಮೊನೊಗೆ ಮರಳಿ, ಆಳ ಕಳೆದುಕೊಳ್ಳುವುದನ್ನು ಒಪ್ಪಿಕೊಂಡು, ಹೆಚ್ಚು ದಾರ ಬಿಡುವುದೇ ದಾರಿ.

ಸೀಸವನ್ನೇ ಹೊಟ್ಟೆಯಲ್ಲಿಟ್ಟುಕೊಂಡ ದಾರ

ಲೆಡ್‌ಕೋರ್ ದಾರದಲ್ಲಿ ನೇಯ್ದ ಹೊದಿಕೆಯೊಳಗೆ ಸೀಸದ ಎಳೆಯಿರುತ್ತದೆ. ಪ್ರತಿ 10 ಗಜಕ್ಕೆ ಬಣ್ಣ ಬದಲಾಗುತ್ತದೆ. ಹತ್ತು ಬಣ್ಣ ಎಂದರೆ 300 ಅಡಿ. ಗಂಟೆಗೆ 2 ಮೈಲಿಯ ಸುಮಾರಿಗೆ ಒಂದು ಬಣ್ಣಕ್ಕೆ ಐದು ಅಡಿ ಆಳ ಅಂತ ಲೆಕ್ಕ, ನಿಧಾನವಾದರೆ ಇನ್ನಷ್ಟು. ಹತ್ತು ಬಣ್ಣಕ್ಕೆ ಐವತ್ತು ಅಡಿ. ಗುಂಡಿಗೆ "ಇಷ್ಟು ದಾರಕ್ಕೆ ಇಷ್ಟು ಆಳ" ಅನ್ನುವ ಸೂತ್ರ ನಿಲ್ಲುವುದಿಲ್ಲ, ಯಾಕೆಂದರೆ ಮೊದಲ ಐವತ್ತು ಅಡಿ ದಾರ ಕೊಡುವಷ್ಟು ಆಳವನ್ನು ನಾಲ್ಕನೆಯ ಐವತ್ತು ಅಡಿ ಕೊಡುವುದಿಲ್ಲ. ಲೆಡ್‌ಕೋರ್‌ನಲ್ಲಿ ಭಾರವೂ ಎಳೆತವೂ ಉದ್ದಕ್ಕೂ ಒಂದೇ ಸಮ ಹಂಚಿಹೋಗಿರುವುದರಿಂದ ಅದು ಹೆಚ್ಚುಕಡಿಮೆ ನೇರ ಇಳಿಜಾರಾಗಿ ನಿಲ್ಲುತ್ತದೆ. ಬಣ್ಣ ಎಣಿಸಿದರೆ ಆಳ ಎಣಿಸಿದಂತೆ.

ಇನ್ನೊಂದು ಸೊಗಸು ತಿರುವಿನಲ್ಲಿ ಕಾಣುತ್ತದೆ. ದೋಣಿ ಎಡಕ್ಕೆ ತಿರುಗುವಾಗ ಎಡಬದಿಯ ದಾರ ನಿಧಾನವಾಗಿ ಮುಳುಗುತ್ತದೆ, ಬಲಬದಿಯದು ಬೀಸಿಕೊಂಡು ವೇಗವಾಗಿ ಮೇಲೇಳುತ್ತದೆ. ಒಳಬದಿಯ ರಾಡಿಗೇ ಪದೇ ಪದೇ ಮೀನು ಬಂದರೆ ನೀವು ವೇಗವಾಗಿ ಅಥವಾ ಮೇಲೆ ಎಳೆಯುತ್ತಿದ್ದೀರಿ. ಹೊರಬದಿಗೆ ಬಂದರೆ ಅದರ ವಿರುದ್ಧ. ಅದಕ್ಕೇ ನೇರ ಗೆರೆ ಎಳೆದಂತೆ ಓಡಿಸುವುದಕ್ಕಿಂತ ಉದ್ದನೆಯ ಎಸ್ ಆಕಾರದಲ್ಲಿ ಓಡಿಸುವುದು ಒಳ್ಳೆಯದು, ಆದರೆ ಮೆಲ್ಲಗೆ. 300 ಅಡಿ ದಾರ ಹಿಂದಿರುವಾಗ ಕಡಿದಾಗಿ ತಿರುಗಿದರೆ ಒಳಬದಿಯ ದಾರ ಸತ್ತ ಹಾವಿನಂತೆ ತಳಕ್ಕೆ ಬೀಳುತ್ತದೆ.

ಲೀಡರ್ ಜೋಡಿಸಲು ಲೆಡ್‌ಕೋರ್‌ಗೆ ಅದರದೇ ಗಂಟಿದೆ, ವಿಲ್ಲಿಸ್ ಗಂಟು ಅನ್ನುತ್ತಾರೆ. ದಾರದ ತುದಿಯಿಂದ ನಾಲ್ಕೈದು ಇಂಚು ಒಳಗೆ ಉಗುರಿನಲ್ಲಿ ಹಿಡಿದು ಅತ್ತಿತ್ತ ಬಾಗಿಸಿದರೆ ಒಳಗಿನ ಸೀಸ ಟಕ್ಕೆಂದು ಮುರಿಯುತ್ತದೆ. ಹೊದಿಕೆಯನ್ನು ಹಿಂದಕ್ಕೆ ದಬ್ಬುತ್ತಾ ಮುರಿದ ಸೀಸವನ್ನು ಹೊರಗೆಳೆಯಿರಿ. ಈಗ ಖಾಲಿ ಕೊಳವೆ ಸಿಕ್ಕಿತು. 20 ಪೌಂಡಿನ ಲೀಡರಿನ ತುದಿಯನ್ನು ಓರೆಯಾಗಿ ಕತ್ತರಿಸಿ ಆ ಕೊಳವೆಯೊಳಗೆ ಸೀಸಕ್ಕೆ ತಾಗುವವರೆಗೆ ತಳ್ಳಿ. ಒಳಗೆ ಲೀಡರ್ ಇರುವ ಜಾಗದಲ್ಲೇ ಹೊದಿಕೆ ಸಮೇತ ಒಂದು ಸಾದಾ ಗಂಟು, ಸ್ವಲ್ಪ ಅಂತರದಲ್ಲಿ ಇನ್ನೊಂದು. ಎಂಜಲು ಹಚ್ಚಿ ನಿಧಾನ ಬಿಗಿಯಿರಿ. ಗಂಟು ರಾಡಿನ ಕಣ್ಣುಗಳಲ್ಲಿ ತಡವರಿಸದೆ ಹಾದುಹೋಗುತ್ತದೆ. ಇಲ್ಲಿ ಲೀಡರ್ ಇಪ್ಪತ್ತರಿಂದ ಐವತ್ತು ಅಡಿ ಇರಲಿ, ದಪ್ಪ ಬಣ್ಣದ ದಾರ ಎರೆಯಿಂದ ದೂರವಿದ್ದಷ್ಟೂ ಒಳ್ಳೆಯದು.

ತಾಮ್ರದ ತಂತಿ ಇದಕ್ಕಿಂತ ಚುರುಕಾಗಿ ಇಳಿಯುತ್ತದೆ, 100 ಅಡಿಗೆ ಇಪ್ಪತ್ತು ಅಡಿಗೂ ಮೇಲೆ. ಆದರೆ ಒಮ್ಮೆ ಸಡಿಲ ಬಿಟ್ಟರೆ ಸುರುಳಿ ಬಿದ್ದು ಮುರುಚಿಕೊಳ್ಳುತ್ತದೆ, ಮುರುಚಿದ ಜಾಗದಲ್ಲೇ ಮುಂದೊಂದು ದಿನ ತುಂಡಾಗುತ್ತದೆ. ಹೆಬ್ಬೆರಳು ತೆಗೆಯದೆ ಬಿಡುವ ತಾಳ್ಮೆ ಇಲ್ಲದವರಿಗೆ ಅದು ಬೇಡ.

ತಳ ಮುಟ್ಟಿಸಿ ಅಳೆಯುವುದು

ಮೇಲಿನ ಅಂಕಿಗಳೆಲ್ಲ ಅಂದಾಜು. ನಿಮ್ಮ ದಾರ, ನಿಮ್ಮ ಗುಂಡು, ನಿಮ್ಮ ಎರೆಗೆ ಸರಿಯಾದ ಅಂಕಿ ಒಂದೇ ಕಡೆ ಸಿಗುತ್ತದೆ, ನೆಲದಲ್ಲಿ. ಮರಳೋ ಕೆಸರೋ ಇರುವ, ಬಂಡೆಯಿಲ್ಲದ, ಸಮತಟ್ಟಾದ ಜಾಗ ಹುಡುಕಿ. ಸೋನಾರ್ 60 ಅಡಿ ತೋರಿಸುವ ಕಡೆ ದಿನನಿತ್ಯದ ವೇಗದಲ್ಲಿ ದೋಣಿ ಓಡಿಸಿ. ಎರೆಯ ಕೊಕ್ಕೆ ತೆಗೆದಿಟ್ಟು, ಐದೈದು ಅಡಿಯಾಗಿ ದಾರ ಬಿಡುತ್ತಾ ಹೋಗಿ. ಗುಂಡು ನೆಲಕ್ಕೆ ತಾಗಿದಾಗ ರಾಡಿನ ತುದಿ ಟಕ್, ಟಕ್ ಎಂದು ತಲೆಯಾಡಿಸುತ್ತದೆ. ಆಗಿನ ಕೌಂಟರ್ ಓದಿ, ದಾರ ನೀರಿಗೆ ಹೊಗುವ ಜಾಗವನ್ನೂ ನೋಡಿ ಬರೆದುಕೊಳ್ಳಿ. ಇದನ್ನೇ 30, 45, 80 ಅಡಿಯಲ್ಲಿ ಮಾಡಿ. ಎರಡು ಗಂಟೆಯ ಕೆಲಸ. ಸಿಕ್ಕ ನಾಲ್ಕು ಅಂಕಿಗಳನ್ನು ನೀರಿಗೆ ಅಳಿಯದ ಪೆನ್ನಿನಲ್ಲಿ ಟೇಪಿನ ಮೇಲೆ ಬರೆದು ರಾಡಿನ ಹಿಡಿಕೆಗೇ ಅಂಟಿಸಿಬಿಡಿ. ಗುಂಡು ಬದಲಿಸಿದರೆ ಪಟ್ಟಿಯೂ ಬದಲು. ಹಾಗಾಗಿ ಎರಡೇ ಗುಂಡು ಸಾಕು, 8 ಔನ್ಸಿನದೊಂದು, 16 ಔನ್ಸಿನದೊಂದು. ಹತ್ತು ಥರದ ಸೀಸ ಇಟ್ಟುಕೊಂಡವರಿಗೆ ಯಾವುದರ ಆಳವೂ ಗೊತ್ತಿರುವುದಿಲ್ಲ.

ಗುಂಡು ಸಿಕ್ಕಿಕೊಂಡರೆ ದಾರವನ್ನು ಕೈಗೆ ಸುತ್ತಿ ಎಳೆಯಬೇಡಿ. ಬ್ರೇಡ್ ಚರ್ಮ ಕೊಯ್ಯುತ್ತದೆ. ಸೆಳವಿರುವ ಕಡೆ ಸಣ್ಣ ದೋಣಿಯ ಹಿಂಭಾಗವನ್ನು ಸಿಕ್ಕಿಬಿದ್ದ ದಾರ ಕೆಳಕ್ಕೆ ಜಗ್ಗಿ ನೀರು ನುಗ್ಗಿಸಬಲ್ಲದು. ಮೋಟಾರು ನ್ಯೂಟ್ರಲ್, ದೋಣಿ ಹಿಂದಕ್ಕೆ ಬಂದು ದಾರ ನೆಟ್ಟಗಾದ ಮೇಲೆ ಮೆಲ್ಲಗೆ ಎಳೆಯಿರಿ, ಬರದಿದ್ದರೆ ಕತ್ತರಿಸಿ. ಚೂರಿ ಕೈಗೆಟುಕುವ ಜಾಗದಲ್ಲಿರಲಿ, ಪೆಟ್ಟಿಗೆಯೊಳಗೆ ಅಲ್ಲ.

ಕಚ್ಚಿದ ಮೇಲೆ

ಮೀನಿನ ಜೊತೆ ದಾರದಲ್ಲಿ 16 ಔನ್ಸ್ ಸೀಸವೂ ಇರುವಾಗ ಪ್ರತಿ ತಲೆ ಕೊಡವುವಿಕೆಗೆ ಆ ಸೀಸ ತೂಗಿ ಕೊಕ್ಕೆಯ ತೂತನ್ನು ದೊಡ್ಡದು ಮಾಡುತ್ತದೆ. ಮುಳ್ಳಿಲ್ಲದ ಕೊಕ್ಕೆಯಾದರೆ ದಾರ ಒಂದು ಕ್ಷಣ ಸಡಿಲವಾದರೂ ಮೀನು ಹೋಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಲ್ಮನ್‌ಗೆ ಮುಳ್ಳಿಲ್ಲದ ಕೊಕ್ಕೆಯೇ ಕಾನೂನು. ಆದ್ದರಿಂದ ಮೋಟಾರನ್ನು ಪೂರ್ತಿ ನಿಲ್ಲಿಸಬೇಡಿ. ದೋಣಿ ಮೆಲ್ಲಗೆ ಮುಂದೆ ಸಾಗುತ್ತಿದ್ದರೆ ದಾರ ತಾನಾಗಿ ಬಿಗಿ ಉಳಿಯುತ್ತದೆ. ರಾಡು ತೀರಾ ಮೇಲೆತ್ತಿ ಹಾರಿಸುವ ಬದಲು ಪಕ್ಕಕ್ಕೆ ಬಾಗಿಸಿ ಸಮ ಒತ್ತಡ ಕೊಡಿ. ಚಿನೂಕ್ ಓಡಿದರೆ ಓಡಲಿ, ಡ್ರ್ಯಾಗ್ (ಎಳೆದಂತೆ ದಾರವನ್ನು ತಡೆತಡೆದು ಬಿಡುವ ರೀಲಿನ ಬ್ರೇಕು) ಅದಕ್ಕೇ ಇರುವುದು. ಅದು ದೋಣಿಯ ಕಡೆಗೇ ತಿರುಗಿ ಬಂದರೆ ಮಾತ್ರ ಉಸಿರು ಬಿಡದೆ ಸುತ್ತಿ.

ಗುಂಡೋ ಡೈವರೋ ರಾಡಿನ ತುದಿಗೆ ಬಂದು ನಿಂತಾಗ ಮೀನು ಇನ್ನೂ ಆರು ಅಡಿ ಆಚೆ ಇರುತ್ತದೆ, ಮತ್ತು ಬಲೆ ಕಂಡೊಡನೆ ಕೊನೆಯ ಓಟ ಹೂಡುವುದು ಆಗಲೇ. ಬಲೆ ಹಿಡಿದವರು ಮೀನನ್ನು ಅಟ್ಟಿಸಿಕೊಂಡು ಹೋಗಬಾರದು. ಬಲೆಯನ್ನು ನೀರಲ್ಲಿ ಮುಳುಗಿಸಿ ನಿಲ್ಲಬೇಕು. ರಾಡು ಹಿಡಿದವರು ಎರಡು ಹೆಜ್ಜೆ ಹಿಂದೆ ಸರಿದು ಮೀನಿನ ತಲೆಯನ್ನು ಬಲೆಯ ಮೇಲಕ್ಕೆ ತರಬೇಕು. ತೂಗಾಡುವ ಗುಂಡು ಮುಖಕ್ಕೆ ಬಡಿಯದ ಹಾಗೆ ನೋಡಿಕೊಳ್ಳಿ, ಕೊಕ್ಕೆ ಬಿಟ್ಟುಕೊಂಡರೆ ಅದು ಹಾರಿ ಬರುವುದು ದೋಣಿಯ ಒಳಕ್ಕೇ.

ಅಳತೆಗೆ ಸಾಲದ ಮೀನು, ಅಥವಾ ಇಟ್ಟುಕೊಳ್ಳಬಾರದ ಜಾತಿಯದು ಬಂದರೆ ನೀರಿನಿಂದ ಮೇಲೆತ್ತದೆ, ದೋಣಿಯ ಪಕ್ಕದಲ್ಲೇ ಇಕ್ಕಳದಿಂದ ಕೊಕ್ಕೆ ತಿರುಗಿಸಿ ಬಿಡಿ. ಎಂಬತ್ತು ಅಡಿಯಿಂದ ಬಂದದ್ದು ಬದುಕುತ್ತದೆಯೇ ಅನ್ನುವ ಅಳುಕು ಬೇಡ. ರಾಕ್‌ಫಿಶ್ ಥರದ ಮೀನುಗಳಲ್ಲಿ ಗಾಳಿಚೀಲ ಮುಚ್ಚಿರುತ್ತದೆ, ಮೇಲೆ ಬರುವಾಗ ಉಬ್ಬಿ ಅವು ತೇಲುತ್ತಾ ಸಾಯುತ್ತವೆ. ಸಾಲ್ಮನ್‌ನ ಗಾಳಿಚೀಲಕ್ಕೂ ಗಂಟಲಿಗೂ ನಡುವೆ ಕೊಳವೆಯಿದೆ, ಅದು ಏರುತ್ತಾ ಬರುವಾಗಲೇ ಗಾಳಿಯನ್ನು ಬಾಯಿಂದ ಬಿಟ್ಟುಕೊಳ್ಳುತ್ತದೆ. ದಾರ ನೀರಿಗೆ ಹೊಕ್ಕ ಜಾಗವನ್ನೇ ದಿಟ್ಟಿಸುತ್ತಿದ್ದರೆ, ಮೀನು ಕಾಣುವ ಎಷ್ಟೋ ಮೊದಲೇ ಆ ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆಯುವುದು ಕಾಣುತ್ತದೆ. ಬಲೆ ಕೈಗೆ ತೆಗೆದುಕೊಳ್ಳಬೇಕಾದ ಹೊತ್ತು ಅದೇ.